ಹೊಟ್ಟೆಯೊಳಗಿನ ಗಡ್ಡೆ, ಕುದುರೆಯ ಮೇಲಿನ ಪಯಣ

ಅಮೆರಿಕದ ಕೆಂಟಕಿ ರಾಜ್ಯದ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ 1809ರಲ್ಲಿ ದಿನೇ ದಿನೇ ದೊಡ್ಡದಾಗತೊಡಗಿತು. ವಯಸ್ಸು ನಲವತ್ತೈದು ದಾಟಿದ್ದ, ಆಗಲೇ ಮಕ್ಕಳಿದ್ದ ಆಕೆ ಮತ್ತೆ ಬಸುರಿ ಎಂದೇ ಎಲ್ಲರೂ ನಂಬಿದರು. ದಿನ ತುಂಬಿದರೂ ಹೆರಿಗೆಯಾಗಲಿಲ್ಲ. ಕೊನೆಗೆ ಡ್ಯಾನ್‌ವಿಲ್ ಪಟ್ಟಣದಿಂದ ಡಾ. ಇಫ್ರೇಮ್ ಮೆಕ್‌ಡೊವೆಲ್ ಅವರನ್ನು ಕರೆಸಲಾಯಿತು. ಅವರು ಪರೀಕ್ಷಿಸಿದರೆ ಗರ್ಭಕೋಶ ಬರಿದಾಗಿತ್ತು. ಬೆಳೆದಿದ್ದದ್ದು ಅಂಡಾಶಯದ ಗಡ್ಡೆ!

ಹೊಟ್ಟೆ ಸೀಳಿದರೆ ರೋಗಿ ಉಳಿಯುವುದಿಲ್ಲವೆಂದು ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲವದು. ಮೆಕ್‌ಡೊವೆಲ್ ಏನನ್ನೂ ಮುಚ್ಚಿಡಲಿಲ್ಲ. ಇದೊಂದು ಪ್ರಯೋಗ, ಒಪ್ಪುವುದಾದರೆ ಡ್ಯಾನ್‌ವಿಲ್‌ಗೆ ಬನ್ನಿ ಎಂದರು. ಆಕೆ ಒಪ್ಪಿದರು. ಡಿಸೆಂಬರ್ ಚಳಿಯಲ್ಲಿ, ಗಡ್ಡೆಯ ಭಾರವನ್ನು ಜೀನಿನ ಕೊಂಬಿಗೆ ಆನಿಸಿಕೊಂಡು, ಕುದುರೆಯ ಮೇಲೆ ಸುಮಾರು 60 ಮೈಲಿ ಸಾಗಿದರು. ತಲುಪುವಷ್ಟರಲ್ಲಿ ಹೊಟ್ಟೆಯ ಚರ್ಮ ಜಜ್ಜಿಹೋಗಿತ್ತು. ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆದದ್ದು 1846ರಲ್ಲಿ. ಹಾಗಾಗಿ ಆಕೆಗೆ ಅದೂ ಇರಲಿಲ್ಲ. ಶಸ್ತ್ರಕ್ರಿಯೆ ನಡೆದ 25 ನಿಮಿಷವೂ ಆಕೆ ಬೈಬಲ್ಲಿನ ಸ್ತೋತ್ರಗಳನ್ನು ಹೇಳಿಕೊಳ್ಳುತ್ತಿದ್ದರೆಂದು ಪ್ರತೀತಿ. ಮೊದಲು ಲೋಳೆಯಂಥ ದ್ರವವನ್ನೂ ಆಮೇಲೆ ಅದರ ಚೀಲವನ್ನೂ ಹೊರತೆಗೆದರು. ಒಟ್ಟು ತೂಕ ಸುಮಾರು 10 ಕಿಲೋ. ಐದನೆಯ ದಿನ ವೈದ್ಯರು ಬಂದು ನೋಡಿದರೆ ರೋಗಿ ತಾನೇ ಹಾಸಿಗೆ ಸರಿಪಡಿಸುತ್ತಿದ್ದರು! ಇಪ್ಪತ್ತೈದು ದಿನಕ್ಕೆ ಊರಿಗೆ ಮರಳಿ, 1842ರವರೆಗೆ ಬದುಕಿದರು. ಲಂಡನ್ನಿನ ವೈದ್ಯಪತ್ರಿಕೆಯೊಂದರ ಸಂಪಾದಕರು ಈ ವರದಿಯನ್ನು ಮೊದಲು ನಂಬಲೇ ಇಲ್ಲ; ಆಮೇಲೆ ಕ್ಷಮೆ ಕೇಳಿದರು. ಕೀರ್ತಿಯೆಲ್ಲ ವೈದ್ಯರಿಗೇ ಸಂದಿತು. ಕುದುರೆ ಏರಿದವರ ಧೈರ್ಯವೇನು ಕಡಿಮೆಯೇ?

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ತಿಂಗಳು ತಿಂಗಳೂ ಅಂಡಾಣು ಬಲಿಯುವ ಪುಟ್ಟ ಕೋಶ ಒಡೆಯದೆ ಉಳಿದರೆ ಅದೇ ಊದಿಕೊಳ್ಳುತ್ತದೆ. ಇಂಥವು ಬಹುಪಾಲು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಬಂದದ್ದೂ ಹೋದದ್ದೂ ಎಷ್ಟೋ ಹೆಂಗಸರಿಗೆ ತಿಳಿಯುವುದೇ ಇಲ್ಲ. ಕೂದಲು, ಹಲ್ಲು ಇರುವ ಡರ್ಮಾಯ್ಡ್ ಗಡ್ಡೆಯಂಥವು ಮಾತ್ರ ಕರಗುವುದಿಲ್ಲ. ಕ್ಯಾನ್ಸರ್ ಅಲ್ಲವೆಂದ ಮಾತ್ರಕ್ಕೆ ನಿರುಪದ್ರವಿಯೂ ಅಲ್ಲ. ದೊಡ್ಡದಾದರೆ ಮೂತ್ರಕೋಶವನ್ನು ಒತ್ತುತ್ತದೆ, ಕಿಬ್ಬೊಟ್ಟೆಯಲ್ಲಿ ಮಂದ ನೋವು ಕಾಡುತ್ತದೆ. ಅದರ ಭಾರಕ್ಕೆ ಅಂಡಾಶಯ ತಿರುಚಿಕೊಂಡರೆ ರಕ್ತ ಸಂಚಾರ ಕಡಿಯುತ್ತದೆ. ಆಗ ಏಕಾಏಕಿ ಸಹಿಸಲಾಗದ ನೋವು, ವಾಂತಿ. ಮುಟ್ಟಿನ ನೋವೆಂದು ಕಷಾಯ ಕುಡಿದು ಮಲಗಿದರೆ ಅಂಡಾಶಯವನ್ನೇ ಕಳೆದುಕೊಳ್ಳಬೇಕಾದೀತು. ಮುಟ್ಟು ನಿಂತ ಮೇಲೆ ಕಾಣಿಸಿಕೊಂಡ ಗಡ್ಡೆಯನ್ನಂತೂ ವೈದ್ಯರು ಹೆಚ್ಚು ಎಚ್ಚರದಿಂದ ಪರೀಕ್ಷಿಸುತ್ತಾರೆ.

ಹೊಟ್ಟೆ ಕೊಯ್ಯದೆ ಒಳಗಿರುವುದನ್ನು ತಿಳಿಯುವುದು ಹೇಗೆ? ಅದಕ್ಕೆ ದಾರಿ ತೋರಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮುಖ್ಯರು. ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದ ಶಬ್ದದ ಅಲೆಗಳನ್ನು ಅವರು 1955ರಲ್ಲಿ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳ ಮೇಲೆ ಹಾಯಿಸಿ ನೋಡಿದರು. ಆ ವರ್ಷಗಳಲ್ಲೇ ಒಬ್ಬ ಹೆಂಗಸು ಅವರ ಬಳಿಗೆ ಬಂದರು. ಹೊಟ್ಟೆ ಊದಿತ್ತು, ಜಠರದ ಕ್ಯಾನ್ಸರ್, ಶಸ್ತ್ರಕ್ರಿಯೆಯಿಂದ ಫಲವಿಲ್ಲ ಎಂದು ತೀರ್ಮಾನವಾಗಿತ್ತು. ಯಂತ್ರ ಹಚ್ಚಿದರೆ ಕಂಡದ್ದು ಅಂಡಾಶಯದ ದೊಡ್ಡ ನೀರುಗಡ್ಡೆ. ಅದನ್ನು ತೆಗೆದ ಮೇಲೆ ಆಕೆ ಬದುಕಿಕೊಂಡರು. ಡೊನಾಲ್ಡ್ ಮತ್ತು ಸಂಗಡಿಗರು ಈ ಕೆಲಸವನ್ನು 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.