ಪಾಲಿಶ್ ನಂತರದ ಮೇಲ್ಮೈ ಸಿದ್ಧತೆ (ಕಾರು)

ಪಾಲಿಶ್ ನಂತರದ ಮೇಲ್ಮೈ ಸಿದ್ಧತೆಯು ಕಾರಿನ ಬಣ್ಣಕ್ಕೆ ಮೇಣ, ಸೀಲಂಟ್ ಅಥವಾ ಸೆರಾಮಿಕ್ ಲೇಪನ ಹಚ್ಚುವ ಮುನ್ನ ನಡೆಸುವ ಶುಚಿಗೊಳಿಸುವಿಕೆ ಮತ್ತು ಪರಿಶೀಲನೆಯ ಹಂತವಾಗಿದೆ. ಪಾಲಿಶ್‌ನಲ್ಲಿರುವ ಎಣ್ಣೆಯ ಅಂಶವು ಸೂಕ್ಷ್ಮ ಗೀರುಗಳಲ್ಲಿ ತುಂಬಿಕೊಂಡು ಅವನ್ನು ಮರೆಮಾಡುತ್ತದೆ. ಲೇಪನವು ಬಣ್ಣಕ್ಕೆ ಸರಿಯಾಗಿ ಅಂಟಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ. ಆದ್ದರಿಂದ ಪಾಲಿಶ್ ಮುಗಿದ ಕೂಡಲೇ ಕಾಣುವ ಹೊಳಪು ನಂಬತಕ್ಕದ್ದಲ್ಲ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಇದಕ್ಕೆಂದೇ ತಯಾರಾದ ದ್ರಾವಣವನ್ನು ಬಳಸಿ, ಮೈಕ್ರೊಫೈಬರ್ ಬಟ್ಟೆಯಿಂದ ಒಂದೊಂದೇ ಭಾಗವನ್ನು ಹಗುರವಾಗಿ ಒರೆಸಿ, ಎಲ್‌ಇಡಿ ದೀಪವನ್ನು ಓರೆಯಾಗಿ ಹಿಡಿದು ಪರೀಕ್ಷಿಸಲಾಗುತ್ತದೆ. ಸೆರಾಮಿಕ್ ಲೇಪನ ಗಟ್ಟಿಯಾದ ಮೇಲೆ ಅದರಡಿ ಉಳಿದ ಗೀರನ್ನು ತೆಗೆಯಲು ಲೇಪನವನ್ನೇ ಉಜ್ಜಿ ತೆಗೆಯಬೇಕಾಗುತ್ತದೆ. ಪ್ರತಿ ಉಜ್ಜುವಿಕೆಗೂ ಬಣ್ಣದ ಪಾರದರ್ಶಕ ಮೇಲ್ಪದರ ಸವೆಯುತ್ತದೆ.

ಕರಾವಳಿಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾಗಳಂತಹ ಕಡಲತೀರದ ಊರುಗಳಲ್ಲಿ ಈ ಹಂತಕ್ಕೆ ಹೆಚ್ಚಿನ ಎಚ್ಚರ ಬೇಕು. ಪಾಲಿಶ್ ಮಾಡಿದ ಕಾರನ್ನು ರಾತ್ರಿಯಿಡೀ ಹೊರಗೆ ನಿಲ್ಲಿಸಿದರೆ ಕಡಲ ಗಾಳಿ ತರುವ ಉಪ್ಪು ಮತ್ತು ಮರಳಿನ ಕಣಗಳು ಅದರ ಮೇಲೆ ಕೂರುತ್ತವೆ. ಇವನ್ನು ತೊಳೆಯದೆ ಒಣಗಿದ್ದಂತೆಯೇ ಒರೆಸಿದರೆ ಮರಳು ಹೊಸ ಗೀರುಗಳನ್ನು ಮೂಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೊಂದರೆ ಬೇರೆ ಬಗೆಯದು: ಆಲ್ಕೊಹಾಲ್ ಆವಿಯಾಗುವಾಗ ಲೋಹದ ಮೈ ತಣ್ಣಗಾಗಿ, ತೇವಭರಿತ ಗಾಳಿಯಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಪಸೆ ಕೂರಬಹುದು. ಅದು ಆರುವವರೆಗೆ ಲೇಪನ ಹಚ್ಚುವುದಿಲ್ಲ.