ಒಬ್ಬಳೇ ಹುಡುಗಿ, ಹೆಸರು ಎರಡು

ಮಳೆ ಬಾರದ ವರ್ಷ ವಿರಾಟಪರ್ವ ಓದಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಮಳೆ ಬರಲಿ ಬಿಡಲಿ, ಕೇಳಲು ಕೂತವರಿಗೆ ನಗೆಯಂತೂ ಖಾತ್ರಿ. ಹೆಂಗಸರ ಮುಂದೆ ಜಂಬ ಕೊಚ್ಚಿದ ಉತ್ತರಕುಮಾರ ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ನಾಟ್ಯ ಕಲಿಸುವ ಬೃಹನ್ನಳೆ ಅವನನ್ನು ಹಿಡಿದು ತರುತ್ತಾಳೆ. ಇತ್ತ ಅರಮನೆಯಲ್ಲಿ ವಿರಾಟರಾಯ ಗೆದ್ದವನು ತನ್ನ ಮಗನೇ ಎಂದು ಬೀಗುತ್ತಾನೆ. ಬೃಹನ್ನಳೆಯ ಹೆಸರೆತ್ತಿದ ಕಂಕಭಟ್ಟನ ಮುಖಕ್ಕೆ ಪಗಡೆಯ ದಾಳ ಬೀಸಿ ರಕ್ತ ಬರಿಸುತ್ತಾನೆ. ಆ ಕಂಕನೇ ಧರ್ಮರಾಯ, ಬೃಹನ್ನಳೆಯೇ ಅರ್ಜುನ ಎಂದು ತಿಳಿದಾಗ ರಾಜ ಮುಖ ಎಲ್ಲಿಟ್ಟುಕೊಳ್ಳಬೇಕು? ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡಲು ಮುಂದಾಗುತ್ತಾನೆ. ಶಿಷ್ಯೆ ಮಗಳ ಸಮಾನ ಎಂದ ಅರ್ಜುನ ಆಕೆಯನ್ನು ಸೊಸೆಯಾಗಿ ತಂದುಕೊಳ್ಳುತ್ತಾನೆ.

ಗುರುತು ತಪ್ಪುವುದು, ಮನೆಯ ಯಜಮಾನ ತಲೆ ತಗ್ಗಿಸುವುದು, ಕೊನೆಗೊಂದು ಮದುವೆ. ನಮ್ಮ ಹಾಸ್ಯ ಚಿತ್ರಗಳ ಪಾಕ ಇಷ್ಟು ಹಳೆಯದು.

ಹೊರಗಿನಿಂದ ಬಂದ ಕಥೆಗಳಲ್ಲಿಯೂ ಕನ್ನಡಿಗರು ಮೊದಮೊದಲು ಆರಿಸಿಕೊಂಡದ್ದು ಇಂಥದ್ದನ್ನೇ. ಷೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' 1871ರಲ್ಲಿಯೇ 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು. ತಂದವರು ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚೆನ್ನಬಸಪ್ಪನವರು. ಅದೇ ನಾಟಕವನ್ನು ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಯಲ್ಲಿ ಕಥೆಯಾಗಿ ಬರೆದಿದ್ದರು. ಅದನ್ನು ಬಿ. ವೆಂಕಟಾಚಾರ್ಯರು 'ಭ್ರಾಂತಿವಿಲಾಸ'ವೆಂದು ಕನ್ನಡಿಸಿದರು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1997ರಲ್ಲಿ, ಎನ್.ಎಸ್. ಶಂಕರ್ ಇದೇ ಎಳೆಯಿಂದ 'ಉಲ್ಟಾ ಪಲ್ಟಾ' ಚಿತ್ರ ಮಾಡಿದರು. ರಮೇಶ್ ಅರವಿಂದ್ ಅದರಲ್ಲಿ ದ್ವಿಪಾತ್ರದ ನಾಯಕ.

ಈ ಕಥೆಗಳಲ್ಲಿ ಮುಖ ಒಂದೇ, ಮನುಷ್ಯರು ಇಬ್ಬರು. ಗಂಡನೆಂದು ತಿಳಿದು ಮೈದುನನಿಗೆ ಊಟ ಬಡಿಸಿದ ಹೆಂಡತಿ, ತನ್ನ ಮನೆಯ ಬಾಗಿಲಲ್ಲೇ ನಿಂತು ಒಳಗೆ ಬರಲಾಗದ ಗಂಡ ಇವರ ಪಾಡು ಕಂಡು ನಾವು ನಗುತ್ತೇವೆ. ಅವಳಿಗಳು ಎದುರುಬದುರಾಗಿ ನಿಂತರೆ ಸಾಕು, ಗೊಂದಲ ಮುಗಿಯಿತು. ಯಾರೂ ಬದಲಾಗಬೇಕಾದ್ದಿಲ್ಲ.

ಇದನ್ನು ತಿರುಗಿಸಿ ಹಾಕಿದ ಚಿತ್ರ 'ಗಣೇಶನ ಮದುವೆ'. ಫಣಿ ರಾಮಚಂದ್ರ ನಿರ್ದೇಶಿಸಿದ, ರಾಜನ್–ನಾಗೇಂದ್ರ ಸಂಗೀತ ನೀಡಿದ ಈ ಚಿತ್ರ ತೆರೆ ಕಂಡದ್ದು 1990ರಲ್ಲಿ. ಇಲ್ಲಿ ಅವಳಿಗಳಿಲ್ಲ. ಮನುಷ್ಯರು ಒಬ್ಬೊಬ್ಬರೇ, ಹೆಸರು ಮಾತ್ರ ಎರಡೆರಡು.

ಕಥೆ ನಡೆಯುವುದು ವಠಾರದಲ್ಲಿ. ಬೆಂಗಳೂರು, ಮೈಸೂರು ಕಡೆಯ ಈ ವಸತಿಯ ಸ್ವರೂಪ ತಿಳಿಯದೆ ಚಿತ್ರದ ತಮಾಷೆ ಪೂರ್ತಿ ದಕ್ಕದು. ನಡುವೆ ಒಂದು ಅಂಗಳ, ಸುತ್ತ ಸಾಲಾಗಿ ಚಿಕ್ಕ ಬಾಡಿಗೆ ಮನೆಗಳು, ಎಲ್ಲರಿಗೂ ಸೇರಿದ ನಲ್ಲಿ. ಎಲ್ಲರ ಮೇಲೂ ಒಂದು ಕಣ್ಣಿಟ್ಟ ಮನೆ ಮಾಲೀಕ. ಒಬ್ಬರ ಮನೆಯ ಒಗ್ಗರಣೆಯ ವಾಸನೆ ಇನ್ನೊಬ್ಬರಿಗೆ, ಒಬ್ಬರ ಮನೆಯ ಜಗಳ ಹತ್ತು ಮನೆಗೆ. ಚಿತ್ರದಲ್ಲಿ ಈ ಮಾಲೀಕ ಮುಖ್ಯಮಂತ್ರಿ ಚಂದ್ರು. ಅವರ ಮಗಳು ಆದಿಲಕ್ಷ್ಮಿ, ಅಂದರೆ ವಿನಯಾ ಪ್ರಸಾದ್. ಬಾಡಿಗೆದಾರ ವೈ.ಜಿ. ರಾವ್, ಅಂದರೆ ಅನಂತನಾಗ್. ಇವರಿಬ್ಬರದು ಹಾವು–ಮುಂಗುಸಿಯ ಸಂಬಂಧ.

ಆದರೆ ರಾವ್ ರೇಡಿಯೊದಲ್ಲಿ ಹಾಡುವ ಶ್ರುತಿ ಎಂಬಾಕೆಯ ದನಿಗೆ ಮನಸೋತಿದ್ದಾನೆ. ಗಣೇಶ ಎಂಬ ಹೆಸರಿನಲ್ಲಿ ಪತ್ರ ಬರೆಯುತ್ತಾನೆ. ಉತ್ತರವೂ ಬರುತ್ತದೆ. ಶ್ರುತಿ ಬೇರಾರೂ ಅಲ್ಲ, ಅಂಗಳದಾಚೆಯ ಆದಿಲಕ್ಷ್ಮಿಯೇ. ಬೆಳಗ್ಗೆ ನಲ್ಲಿಯ ಹತ್ತಿರ ಮುಖ ಸಿಂಡರಿಸಿಕೊಂಡವರು ಸಂಜೆ ಕಾಗದದಲ್ಲಿ ಮನಸ್ಸು ಬಿಚ್ಚುತ್ತಾರೆ.

ಪತ್ರದಲ್ಲಿ ಪ್ರೀತಿಸಿ ಎದುರಿಗೆ ಜಗಳವಾಡುವ ಜೋಡಿ ಜಗತ್ತಿಗೆ ಹೊಸದಲ್ಲ. ಹಂಗೆರಿಯ ಮಿಕ್ಲೋಷ್ ಲಾಸ್ಲೊ ಬರೆದ ನಾಟಕವೊಂದರಿಂದ 1940ರಲ್ಲಿ ಎರ್ನ್ಸ್ಟ್ ಲುಬಿಚ್ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಚಿತ್ರ ಮಾಡಿದ್ದ. ಅದೇ ಕಥೆ 1998ರಲ್ಲಿ ಇ-ಮೇಲ್ ಕಾಲದ 'ಯೂ ಹ್ಯಾವ್ ಗಾಟ್ ಮೇಲ್' ಆಯಿತು. ಆದರೆ ಅಲ್ಲಿ ಜಗಳ ಅಂಗಡಿಯದು, ವ್ಯಾಪಾರದ್ದು. ನಮ್ಮಲ್ಲಿ ಅದು ಮನೆಯದು. ಮಾಲೀಕನ ಮರ್ಯಾದೆ, ಮಗಳ ಮದುವೆ, ನೆರೆಹೊರೆಯ ಬಾಯಿ ಎಲ್ಲವೂ ಅದರೊಳಗಿವೆ.

ಈ ಗೊಂದಲ ಸಾಧ್ಯವಾದದ್ದು ರೇಡಿಯೊದಿಂದ. 1935ರಲ್ಲಿ ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬೇರೂರಿದ್ದು ಅಲ್ಲಿಂದಲೇ. 1966ರಲ್ಲಿ ಗುಲ್ಬರ್ಗದಲ್ಲಿಯೂ ಕೇಂದ್ರ ಆರಂಭವಾಯಿತು. ಬೀದರ ಜಿಲ್ಲೆಯ ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆ ಬೆಂಗಳೂರಿನಂಥ ವಠಾರ ಇಲ್ಲದಿರಬಹುದು, ಮುಖವಿಲ್ಲದ ದನಿಯ ಮೋಹ ಅಲ್ಲಿಗೂ ತಲುಪಿತು. ಹಾಡಿದವರು ಹೇಗಿದ್ದಾರೋ, ಯಾರ ಪೈಕಿಯೋ ಕೇಳುಗನಿಗೆ ತಿಳಿಯದು. ಹೆಸರೊಂದು, ದನಿಯೊಂದು, ಅಷ್ಟೆ.

ಚಿತ್ರದ ತಿರುಳು ಇಲ್ಲೇ ಇದೆ. ನಮ್ಮ ಊರುಗಳಲ್ಲಿ ಹೊಸಬರನ್ನು ಮೊದಲು ಕೇಳುವುದೇ "ಯಾರ ಪೈಕಿ?" ಎಂದು. ಹೆಣ್ಣುಮಕ್ಕಳಿಗಂತೂ ಸ್ವಂತ ಹೆಸರಿಗಿಂತ ಇಂಥವರ ಮಗಳು, ಇಂಥವರ ಸೊಸೆ ಎಂಬುದೇ ಗುರುತು. ಮಾತಾಡಿದರೆ ಹತ್ತು ಮನೆಗೆ ಕೇಳುವ ಕಡೆ ಆದಿಲಕ್ಷ್ಮಿ ಮಾಲೀಕನ ಮಗಳು ಮಾತ್ರ. ಶ್ರುತಿ ಎಂದು ರುಜು ಹಾಕಿದಾಗ ಆಕೆಗೆ ಅಪ್ಪನ ಹಂಗಿಲ್ಲ. ರಾವ್‌ನ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಪತ್ರದಲ್ಲಿ ಅವನು ಬಾಡಿಗೆದಾರನಲ್ಲ. ಸುಳ್ಳು ಹೆಸರೆಂದು ನಾವು ನಗುವುದರ ಮರೆಯಲ್ಲಿ ಇಬ್ಬರೂ ಮೊದಲ ಬಾರಿ ತಮ್ಮ ಮನಸ್ಸಿನಂತೆ ಮಾತನಾಡಿರುತ್ತಾರೆ.

ಅವಳಿಗಳ ಕಥೆಯಲ್ಲಿ ಸತ್ಯ ತಿಳಿದರೆ ಎಲ್ಲರಿಗೂ ನೆಮ್ಮದಿ. ಇಲ್ಲಿ ಸತ್ಯ ತಿಳಿಯುವುದೇ ಕಷ್ಟದ ಗಳಿಗೆ. ಕಾಗದದಲ್ಲಿ ಒಪ್ಪಿದವರನ್ನು ಅಂಗಳದಲ್ಲೂ ಒಪ್ಪಬೇಕು. ಆಡಿದ ಜಗಳವನ್ನು ನುಂಗಿಕೊಳ್ಳಬೇಕು.

ಇವತ್ತು ವಠಾರಗಳು ಬಹುಪಾಲು ಅಪಾರ್ಟ್‌ಮೆಂಟುಗಳಾಗಿವೆ. ದನಿ ಕೇಳುವ ಮೊದಲೇ ಮೊಬೈಲಿನಲ್ಲಿ ಮುಖ ಕಾಣುತ್ತದೆ. ಆದರೂ ಹುಡುಗ ಹುಡುಗಿ ಒಪ್ಪಿದ ಮೇಲೆ ಮನೆಯವರು ವಿಚಾರಿಸುವುದು ಹಳೆಯ ಪ್ರಶ್ನೆಯನ್ನೇ. "ಯಾರ ಪೈಕಿ?" ಎಂಬ ಮಾತು ಇರುವ ತನಕ ಶ್ರುತಿಯಂಥ ಎರಡನೆಯ ಹೆಸರಿನ ಅಗತ್ಯವೂ ಇದ್ದೇ ಇರುತ್ತದೆ.