ಫೋಟೋ ಜೊತೆ ಮದುವೆ, ಹರಿದ ಆಲ್ಬಮ್

ಟೆಹರಾನಿನಲ್ಲಿ ಒಂದು ಮದುವೆ. ಹೆಣ್ಣು ಇದ್ದಾಳೆ, ನೆಂಟರು ಇದ್ದಾರೆ. ಗಂಡು ಮಾತ್ರ ಇಲ್ಲ. ಅವನು ಸ್ವಿಟ್ಜರ್ಲೆಂಡಿನಲ್ಲಿ ಎಕ್ಸ್‌ರೇ ವೈದ್ಯಕೀಯ ಓದುತ್ತಿದ್ದಾನೆ. ಅವನ ಬದಲಿಗೆ ಅವನ ಫೋಟೋ ಇದೆ. ಆ ಫೋಟೋ ಜೊತೆಗೇ ಮದುವೆ ಮುಗಿಯಿತು.

ಇದು ಕಟ್ಟುಕಥೆ ಅಲ್ಲ. 1960ರ ದಶಕದಲ್ಲಿ ನಡೆದದ್ದು. ಇರಾನಿನ ನಿರ್ದೇಶಕಿ ಫಿರೂಜೆ ಖೊಸ್ರವಾನಿ ತಮ್ಮ ಅಪ್ಪ ಅಮ್ಮನ ಮೇಲೆ ಮಾಡಿರುವ ‘ರೇಡಿಯೋಗ್ರಾಫ್ ಆಫ್ ಎ ಫ್ಯಾಮಿಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಮದುವೆ ಬರುತ್ತದೆ. ರೇಡಿಯೋಗ್ರಾಫ್ ಅಂದರೆ ಎಕ್ಸ್‌ರೇ. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸಾಕ್ಷ್ಯಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಅಮ್ಮನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ‘ತಾಯಿ’. ಪಾರ್ಸಿಯಲ್ಲಿ ಅದು ತಾಯೆಬೆ ಎಂಬ ಹೆಸರಿನ ಮೊಟಕು ರೂಪ ಅಷ್ಟೆ, ಆದರೆ ಕನ್ನಡದ ಕಿವಿಗೆ ಬೇರೆ ಥರ ಕೇಳಿಸುತ್ತದೆ.

ಅಪ್ಪ ಬಾಕ್‌ನ ಸಂಗೀತ ಕೇಳುವವರು, ಧರ್ಮದ ಕಟ್ಟುಪಾಡು ಹಚ್ಚಿಕೊಂಡವರಲ್ಲ. ಅಮ್ಮ ನಮಾಜು ತಪ್ಪಿಸದ, ತಲೆ ಮುಚ್ಚಿಕೊಂಡೇ ಬೆಳೆದ ಹುಡುಗಿ. ಗಂಡನ ಹಿಂದೆ ಜಿನೀವಾಕ್ಕೆ ಹೋದ ಅವರಿಗೆ ಅಲ್ಲಿ ಯಾವುದೂ ಒಗ್ಗಲಿಲ್ಲ. ತಲೆವಸ್ತ್ರ ತೆಗೆದದ್ದು ಮನಸ್ಸಿನೊಳಗೆ ಮುಳ್ಳಾಗಿ ಉಳಿಯಿತು. ಹಿಮದ ಮೇಲೆ ಜಾರುವ ಆಟಕ್ಕೆ ಹೋಗಿ ಬಿದ್ದರು, ಬೆನ್ನುಮೂಳೆಗೆ ಪೆಟ್ಟಾಯಿತು. ಎಕ್ಸ್‌ರೇ ಡಾಕ್ಟರ ಹೆಂಡತಿಯ ಬೆನ್ನು ಜೀವಮಾನವಿಡೀ ನೋಯುತ್ತಿತ್ತು. ಕೊನೆಗೆ ಅಮ್ಮನ ಹಟವೇ ಗೆದ್ದು ಇಬ್ಬರೂ ಟೆಹರಾನಿಗೆ ಮರಳಿದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಒಂದು ತಲೆವಸ್ತ್ರಕ್ಕೆ ಇಷ್ಟು ಸಂಕಟ ಯಾಕೆ ಎಂದು ತಿಳಿಯುವುದಿಲ್ಲ.

1936ರ ಜನವರಿಯಲ್ಲಿ ಇರಾನಿನ ದೊರೆ ರೆಜಾ ಶಾ ಹೆಂಗಸರು ಮುಸುಕು ಹಾಕುವುದನ್ನೇ ನಿಷೇಧಿಸಿದ. ದೇಶ ಯುರೋಪಿನ ಹಾಗೆ ಕಾಣಬೇಕು ಎಂಬುದು ಅವನ ಆಸೆ. ಚಾದೋರ್ ಹೊದ್ದು ಬೀದಿಗೆ ಬಂದವರ ಮೈಮೇಲಿಂದ ಪೊಲೀಸರು ಅದನ್ನು ಎಳೆದು ತೆಗೆದರು. (ನಾವು ಹೊದೆಯುವ ಚಾದರದ ಹೆಸರೂ ಅದೇ ಪಾರ್ಸಿ ಪದದಿಂದ ಬಂದದ್ದು.) ಕೆಲವರಿಗೆ ಅದು ಬಿಡುಗಡೆ ಅನ್ನಿಸಿತು, ನಿಜ. ಆದರೆ ಎಷ್ಟೋ ಹೆಂಗಸರು ಹೊಸ್ತಿಲು ದಾಟುವುದನ್ನೇ ನಿಲ್ಲಿಸಿದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದರು. 1941ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ನುಗ್ಗಿ ರೆಜಾ ಶಾ ಪಟ್ಟ ಬಿಟ್ಟ ಮೇಲೆ ಆ ಬಿಗಿ ಸಡಿಲವಾಯಿತು. ಅವಮಾನ ಮಾತ್ರ ಅಜ್ಜಿಯರಿಂದ ಅಮ್ಮಂದಿರಿಗೆ ದಾಟಿತು.

ಮಗ ಮೊಹಮ್ಮದ್ ರೆಜಾ ಶಾನ ಕಾಲದಲ್ಲಿ ಮುಸುಕಿನ ಮೇಲೆ ನಿಷೇಧ ಇರಲಿಲ್ಲ. 1963ರಲ್ಲಿ ಹೆಂಗಸರಿಗೆ ಮತದ ಹಕ್ಕೂ ಸಿಕ್ಕಿತು. ಆದರೆ ಅದು ಯಾವ ಮತ? 1953ರಲ್ಲಿ ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಿಸಿದ್ದ ಪ್ರಧಾನಿ ಮೊಸದ್ದೆಕ್‌ರನ್ನು ಅಮೆರಿಕ ಮತ್ತು ಬ್ರಿಟನ್ ಸೇರಿ ಇಳಿಸಿದ ಮೇಲೆ ಎಲ್ಲ ಅಧಿಕಾರ ಶಾನ ಕೈಯಲ್ಲೇ ಇತ್ತು. ಎದುರು ಮಾತಾಡಿದವರಿಗೆ ಸಾವಾಕ್ ಎಂಬ ಗುಪ್ತ ಪೊಲೀಸರ ಕಾಟ. ಸೂಟುಬೂಟಿನವರೇ ಮೇಲು, ಚಾದೋರಿನವರು ಹಿಂದುಳಿದವರು ಎಂಬ ಗಾಳಿ ಊರೆಲ್ಲ.

ಇಂಥ ಟೆಹರಾನಿನಲ್ಲಿ ಅಮ್ಮನಿಗೆ ಅಲಿ ಶರಿಯಾತಿಯವರ ಮಾತುಗಳು ಸಿಕ್ಕವು. ನಮ್ಮ ಕಡೆ ಮೊಹರಂ ದಿನ ರಿವಾಯತ್ ಪದಗಳಲ್ಲಿ ಹಾಡುತ್ತಾರಲ್ಲ, ಅದೇ ಕರ್ಬಲಾದ ಕಥೆಯನ್ನು ಶರಿಯಾತಿ ಬೇರೆ ರೀತಿ ಹೇಳಿದರು. ಕೂತು ಅಳುವುದಕ್ಕಲ್ಲ, ಅನ್ಯಾಯದ ಎದುರು ಏಳುವುದಕ್ಕೆ ಎಂದರು. ಪ್ರವಾದಿಯ ಮಗಳು ಫಾತಿಮಾರನ್ನು ಹೆಣ್ಣುಮಕ್ಕಳಿಗೆ ಮಾದರಿಯಾಗಿ ಇಟ್ಟರು. ಯುರೋಪಿನ ಗೊಂಬೆಯೂ ಆಗಬೇಡ, ಅಡುಗೆಮನೆಯ ಮೂಲೆಯಲ್ಲೂ ಕೂರಬೇಡ ಎಂಬುದು ಆ ಮಾತಿನ ಸಾರ. ಗಂಡನ ಲೋಕದಲ್ಲಿ ಹೊರಗಿನವಳಾಗಿದ್ದ ಹೆಣ್ಣಿಗೆ ಇದು ಎಂಥ ಮಾತಾಗಿರಬೇಕು, ನೀವೇ ಯೋಚಿಸಿ.

1979ರ ಜನವರಿ 16ರಂದು ಶಾ ದೇಶ ಬಿಟ್ಟ. ಫೆಬ್ರವರಿ 1ರಂದು ಖೊಮೇನಿ ಬಂದಿಳಿದರು. ಹೊಸ ಸರ್ಕಾರ ಹೆಂಗಸರ ಉಡುಪಿನ ಮೇಲೆ ಕಣ್ಣು ಹಾಕುವುದಕ್ಕೆ ತಿಂಗಳೂ ತುಂಬಲಿಲ್ಲ. ಮಾರ್ಚ್ 8ರಂದು, ಮಹಿಳಾ ದಿನವೇ, ಸಾವಿರಾರು ಹೆಂಗಸರು ಟೆಹರಾನಿನ ಬೀದಿಗಿಳಿದು ಪ್ರತಿಭಟಿಸಿದರು. ಆದರೂ 1983ರ ಹೊತ್ತಿಗೆ ತಲೆ ಮುಚ್ಚದಿದ್ದರೆ ಶಿಕ್ಷೆ ಎಂದು ಕಾನೂನೇ ಆಯಿತು. ತಾತನ ಕಾಲದಲ್ಲಿ ಪೊಲೀಸರು ತೆಗೆಸಿದ್ದನ್ನು ಮೊಮ್ಮಗಳ ಕಾಲದಲ್ಲಿ ಪೊಲೀಸರೇ ಹಾಕಿಸಿದರು.

ನಮಗೆ ಈ ಚಿತ್ರ ಇಷ್ಟವಾಗಿದ್ದು ಇಲ್ಲಿ. ಇರಾನ್ ಅಂದರೆ ಟೀವಿಯಲ್ಲಿ ಒಂದೇ ಪಾಠ: ಕ್ರಾಂತಿ ಬಂತು, ಹೆಂಗಸರು ಮನೆ ಸೇರಿದರು. ಈ ಮನೆಯಲ್ಲಿ ಆದದ್ದು ತಿರುಗುಮುರುಗು. ಅಮ್ಮ ಹೊರಬಂದರು. ಹೆಣ್ಣುಮಕ್ಕಳ ಶಾಲೆಯ ಜವಾಬ್ದಾರಿ ಹೊತ್ತರು. 1980ರಲ್ಲಿ ಇರಾಕ್ ದಾಳಿ ಮಾಡಿ ಎಂಟು ವರ್ಷದ ಯುದ್ಧ ಶುರುವಾದಾಗ ಅದರ ಕೆಲಸಕ್ಕೂ ಓಡಾಡಿದರು. ಮನೆ ಸೇರಿದ್ದು ಅಪ್ಪ. ತಮ್ಮ ಸಂಗೀತವನ್ನು ಸಣ್ಣ ದನಿಯಲ್ಲಿ ಕೇಳುತ್ತ, ಬದಲಾದ ಮನೆಯಲ್ಲಿ ನೆಂಟನ ಹಾಗೆ ಉಳಿದರು. ಅಮ್ಮನಿಗೆ ದನಿ ಕೊಟ್ಟ ಕ್ರಾಂತಿಯೇ ಬೀದಿಗಿಳಿದ ಆ ಸಾವಿರಾರು ಹೆಂಗಸರ ದನಿ ಅಡಗಿಸಿತು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಅರ್ಧ ಚರಿತ್ರೆ.

ಮಗಳು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಒಂದೇ ಕೋಣೆಯನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಪ್ರತಿ ಸಲವೂ ಗೋಡೆಯ ಚಿತ್ರಗಳು, ಸಾಮಾನುಗಳು ಬದಲಾಗಿರುತ್ತವೆ. ಅಪ್ಪ ಅಮ್ಮನ ಮಾತುಗಳನ್ನು ನಟರು ಆಡಿದ್ದಾರೆ. ಆ ಮಾತುಗಳು ಮಗಳು ನೆನಪಿನಿಂದ ಕಟ್ಟಿದವು. ಹಾಗಾದರೆ ಇದು ಸಾಕ್ಷ್ಯ ಹೇಗಾಯಿತು ಎಂದು ನಮ್ಮಲ್ಲೇ ವಾದ ನಡೆಯಿತು, ಇನ್ನೂ ಮುಗಿದಿಲ್ಲ.

ಫೋಟೋಗಳ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಕ್ರಾಂತಿಯಾದ ಮೇಲೆ ಅಮ್ಮ ಆಲ್ಬಮ್ ತೆಗೆದು, ತಾವು ತಲೆ ಮುಚ್ಚದೆ ನಿಂತಿದ್ದ ಚಿತ್ರಗಳನ್ನು ಹರಿದು ಹಾಕಿದರು. ಸ್ವಿಟ್ಜರ್ಲೆಂಡಿನ ದಿನಗಳು ಚೂರುಚೂರಾದವು. ಪುಟ್ಟ ಹುಡುಗಿ ಫಿರೂಜೆ ಆ ಚೂರುಗಳನ್ನು ಆರಿಸಿಕೊಂಡು, ಅಮ್ಮ ಇಲ್ಲದ ಜಾಗದಲ್ಲಿ ಅಮ್ಮನನ್ನು ತಾನೇ ಬರೆದು ತುಂಬಿಸಿದಳು.